ಕಾಳಪ್ಪನ ಹೆಸರಿಗೆ ಬಂದ ಪಾರ್ಸೆಲ್

“ಈ ಕಾಳಪ್ಪಗ ಪಾರ್ಸೆಲ್ ಕಳಿಸೋರು ಯಾರು ಹುಟ್ಕೊಂಡ್ರವ್ವಾ?”

ಇಂಡಿ ಪಟ್ಟಣದ ಮನೋಆರೋಗ್ಯ ಕೇಂದ್ರದ ಹಿರಿಯ ನರ್ಸ್ ಅಬಿದಾ ಇದನ್ನು ಕೇಳಿದ್ದು ಯಾರನ್ನೂ ಅಲ್ಲ, ಮೇಜಿನ ಮೇಲಿದ್ದ ಡಬ್ಬಿ ನೋಡಿ ಗಾಳಿಗೆ. ಆದರೆ ಪಕ್ಕದ ಕೋಣೆಯಲ್ಲಿದ್ದ ಆಪ್ತಸಮಾಲೋಚಕ ಸಿದ್ಧರಾಮನಿಗೆ ಮಾತು ನೇರ ಎದೆಗೇ ಬಡಿಯಿತು. ಅದನ್ನು ತರಿಸಿದವನು ಅವನೇ.

ಮರುದಿನ ಅವನು ಬಸವನ ಬಾಗೇವಾಡಿಗೆ ಹೆಣ್ಣು ನೋಡಲು ಹೋಗಬೇಕಿತ್ತು. ಹುಡುಗಿ ಸುರೇಖಾ ಅವನಿಗಿಂತ ನಾಲ್ಕು ಬೆರಳು ಎತ್ತರ. ಅದಕ್ಕೇ ಹೊರಗೆ ಕಾಣದಂತೆ ಹಿಮ್ಮಡಿ ಎತ್ತರಿಸುವ ಬೂಟು ತರಿಸಿದ್ದ. ಆದರೆ ಕೇಂದ್ರದಲ್ಲೊಂದು ಪದ್ಧತಿಯಿತ್ತು: ಯಾರ ಹೆಸರಿಗೆ ಏನೇ ಬರಲಿ, ನರ್ಸ್ ಮೇಜಿನ ಮೇಲೇ ಒಡೆಯಬೇಕು. ರೋಗಿಗಳ ಸುರಕ್ಷತೆಗೆಂದು ಶುರುವಾದದ್ದು ಸಿಬ್ಬಂದಿಯ ಮನರಂಜನೆಯಾಗಿ ಬೆಳೆದಿತ್ತು. ಹಿಂದೆ ಅವನು ತರಿಸಿದ್ದ ಹೊಟ್ಟೆ ಕರಗಿಸುವ ಪಟ್ಟಿ ಅಡುಗೆಯವಳ ನಡುವಿನಿಂದ ವಾಚ್‌ಮನ್ನನ ನಡುವಿನವರೆಗೆ ಪಲ್ಲಕ್ಕಿಯ ಹಾಗೆ ಊರು ಸುತ್ತಿ ಬಂದಿತ್ತು.

ಆ ಅಂಜಿಕೆಗೆ ಈ ಸಲ ಸಾಲೋಟಗಿಯ ಕಾಳಪ್ಪನ ಹೆಸರು ಹಾಕಿದ್ದ. ವರ್ಷಗಟ್ಟಲೆ ಒಳಗಿದ್ದರೂ ಯಾರಿಂದಲೂ ಏನೂ ಬಾರದ ರೋಗಿ ಅವನು. ಫೋನ್ ನಂಬರ್ ಮಾತ್ರ ಸಿದ್ಧರಾಮನದು. ಕೊರಿಯರ್‌ನವನು ಫೋನ್ ಮಾಡಿದರೆ ಗೇಟಿನಲ್ಲೇ ಇಸಿದುಕೊಂಡರಾಯಿತು ಎಂಬ ಲೆಕ್ಕ. ಆ ಪುಣ್ಯಾತ್ಮ ಫೋನ್ ಮಾಡದೆ ಸೀದಾ ಒಳಗೇ ಬಂದಿದ್ದ.

ಅಬಿದಾ ಕತ್ತರಿ ಎತ್ತಿದರು. ಸಿದ್ಧರಾಮ ಓಡಿಬಂದು ಡಬ್ಬಿಯ ಮೇಲೆ ಅಂಗೈ ಊರಿದ.

“ಮುಟ್ಟಬ್ಯಾಡ್ರಿ ಸಿಸ್ಟರ್! ಇದು ಕಾಳಪ್ಪನ ಖಾಸಗಿ ಟಪಾಲು.”

“ಒಳಗ ಬ್ಲೇಡ್ ಗೀಡ್ ಇದ್ರ ಯಾರ್ರಿ ಜವಾಬ್ದಾರಿ?”

“ನಂದ. ಅವ ತನ್ನ ಕೈಲೆ ಒಡೀಲಿ, ನಾ ಬಾಜೂಕ ಕುಂತು ನೋಡ್ತೇನಿ. ರೋಗಿ ಅಂದ್ರ ಮನಷಾ ಅಲ್ಲೇನು? ಅವಗೂ ಮಾನ ಐತಿ!”

“ನಿನ್ನೆತನಕ ಕತ್ತರಿ ನೀವ ಹುಡುಕಿ ಕೊಡ್ತಿದ್ರಲ್ರೀ ಸರ,” ಎಂದು ಅಡುಗೆಯ ಶೆಟ್ಟೆವ್ವ ಬಾಗಿಲಲ್ಲಿ ನಿಂತು ಚುಚ್ಚಿದಳು.

“ಇವತ್ತಿಂದ ಕೊಡೂದಿಲ್ಲ! ನನ್ನ ನೌಕರಿ ಹ್ವಾದ್ರೂ ಹೋಗಲಿ, ಡಬ್ಬಿ ಒಡಿಯಾಕ ಬಿಡಂಗಿಲ್ಲ!”

ಗದ್ದಲಕ್ಕೆ ಡಾಕ್ಟರ್ ಬಸಂತರಾಯರು ಹೊರಬಂದರು. ಎಲ್ಲ ಕೇಳಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಏರಿಸಿದರು.

“ಸಿದ್ಧರಾಮ ಅನ್ನೂದು ಖರೇ ಐತಿ. ಇನ್ನ ಮ್ಯಾಲ ಯಾರ ಟಪಾಲು ಅವರ ಕೈಗೆ. ಮಂದೀದು ಯಾರೂ ಮುಟ್ಟಬಾರದು.”

ಆ ಗಳಿಗೆಯಲ್ಲಿ ಸಿದ್ಧರಾಮ ಬೂಟಿಲ್ಲದೆಯೇ ಎರಡು ಬೆರಳು ಬೆಳೆದ. “ಕೊಡ್ರಿ, ನಾನ ಒಯ್ದು ಕೊಡ್ತೇನಿ,” ಎಂದು ಕೈ ಚಾಚಿದ.

ಅಬಿದಾ ಡಬ್ಬಿಯನ್ನು ಎದೆಗವಚಿಕೊಂಡರು. “ಅವರ ಕೈಗೆ ಅಂದ್ರ ಅವರ ಕೈಗೆ. ಕಾಳಪ್ಪಾ! ಬಾ ಇಲ್ಲಿ!”

ಕಾಳಪ್ಪ ಬಂದ. ಡಬ್ಬಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡ. ಮೇಲಿದ್ದ ತನ್ನ ಹೆಸರಿನ ಮೇಲೆ ಬೆರಳಾಡಿಸಿದ. ಒಡೆದ. ಬೂಟಿನಲ್ಲಿ ಕಾಲಿಟ್ಟ, ಅಳತೆ ಕೊಟ್ಟು ಹೊಲಿಸಿದಂತೆ ಕೂತವು. ಎದ್ದು ನಿಂತವನು ಅಂಗಳಕ್ಕೆ ನಡೆದ, ಬಾಗಿಲ ಚೌಕಟ್ಟಿಗೆ ಎಲ್ಲಿ ತಲೆ ತಾಗೀತೋ ಎಂಬಂತೆ ಬಗ್ಗಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಅಬಿದಾ.

ಮಂದಿ ಚದುರಿದ ಮೇಲೆ ಸಿದ್ಧರಾಮ ಅವನನ್ನು ಬೇವಿನ ಮರದ ಹಿಂದೆ ಕರೆದೊಯ್ದು ಇದ್ದದ್ದು ಇದ್ದ ಹಾಗೆ ಹೇಳಿ ಕೈ ಮುಗಿದ.

ಕಾಳಪ್ಪ ಸಮಾಧಾನದಿಂದ ಕೇಳಿಸಿಕೊಂಡ. “ಹೆಣ್ಣಿನ ಮನ್ಯಾಗ ಬೂಟು ಎಲ್ಲಿ ಬಿಡ್ತಾರ್ರಿ ಸರ?”

“ಬಾಗಲದಾಗ…” ಎಂದ ಸಿದ್ಧರಾಮನ ಬಾಯಿ ಹಾಗೇ ತೆರೆದುಕೊಂಡಿತು.

“ಮತ್ತ ಒಳಗ ಹ್ವಾದ ಮ್ಯಾಲ?”

ಸಿದ್ಧರಾಮ ಚಪ್ಪಲಿಯಿಂದ ಕಾಲು ತೆಗೆದು ತನ್ನ ಬರಿಗಾಲನ್ನೇ ನೋಡಿಕೊಂಡ. ಆದರೂ ಆಸೆ ಬಿಡಲಿಲ್ಲ. “ಅಂಗಳದಾಗರ ನಾಕ್ ಮಂದಿ ನೋಡ್ತಾರೋ ಯಣ್ಣಾ! ಒಂದ ದಿನಕ್ಕ ಕೊಡು.”

“ನನ್ನ ಹೆಸರಿಗೆ ಬಂದದ್ದು ಕೊಡಂಗಿಲ್ಲ, ಹೋಗ್ರಿ.”