ದಾನೇಶ್ವರಿಯ ಮೀನಖಂಡದ ಪರವಾಗಿ

ಹಿರಿಯರು ಕಿರಿಯರ ಕಾಲು ಮುಟ್ಟತಕ್ಕದ್ದಲ್ಲ ಎಂದು ಚಿತ್ತಾಪುರದ ಹವ್ಯಾಸಿ ಓಟಗಾರರ ಸಂಘವು ಸರ್ವಾನುಮತದಿಂದ ಠರಾವು ಮಾಡಿದೆ.

ಇದಕ್ಕೆ ಕಾರಣವಿತ್ತು. ಓಡಿ ಓಡಿ ಸದಸ್ಯರ ಮೀನಖಂಡ ಬಿಗಿದು ನೋಯುತ್ತದೆಂದು ಸಂಘವು ಶಹಾಬಾದಿನಿಂದ ಉಮಾದೇವಿ ಎಂಬ ಫಿಸಿಯೋಥೆರಪಿಸ್ಟರನ್ನು ಕರೆಸತೊಡಗಿತ್ತು. ಕೈಯಿಂದಲೇ ಒತ್ತಿ, ತಿಕ್ಕಿ, ಎಳೆದು ಸ್ನಾಯು ಸಡಿಲಿಸುವುದರಲ್ಲಿ ಆಕೆ ಪಳಗಿದವರು. ಮೊದಲ ದಿನ ಸದಸ್ಯ ದಿಲೀಪನ ಕಾಲು ಹಿಡಿದದ್ದೇ ತಡ, ತಾಯಿಯ ವಯಸ್ಸಿನವರು ಕಾಲು ಮುಟ್ಟಿದರೆಂದು ಅವನು ಮೇಜಿನಿಂದ ಧುಮುಕಿ ಆಕೆಗೆ ನಮಸ್ಕಾರ ಮಾಡಿದ. ಆಕೆ ಮತ್ತೆ ಹಿಡಿದರು, ಅವನು ಮತ್ತೆ ಧುಮುಕಿದ. ಸಂಜೆಯ ಹೊತ್ತಿಗೆ ಅವನ ಸೊಂಟವೂ ಹಿಡಿಯಿತು. ಸಂಘ ಸುಮ್ಮನೆ ಕೂಡಲಾದೀತೇ? ಠರಾವಾಯಿತು. ಚಿಕಿತ್ಸೆಗೆ ಹಿರಿಯ ಕಿರಿಯ ಎಂಬುದಿಲ್ಲವೆಂಬ ಉಮಾದೇವಿಯವರ ಅಭಿಪ್ರಾಯವನ್ನು ಗೌರವಪೂರ್ವಕವಾಗಿ ಕೇಳಿ ಕೈಬಿಡಲಾಯಿತು.

ಆಕೆಗಿಂತ ಹಿರಿಯರು ಸಂಘದಲ್ಲಿ ಒಬ್ಬರೇ, ಅಧ್ಯಕ್ಷ ಬಸವಲಿಂಗ ಸಾಹೇಬರು. ಸಾಹೇಬರು ಬಸ್ಸು ತಪ್ಪಿದಾಗಲೂ ಓಡಿದವರಲ್ಲ. ಆದರೂ ಚಿಕಿತ್ಸೆ ವ್ಯರ್ಥವಾಗಬಾರದೆಂದು ಪ್ರತಿ ಸಲ ಪ್ಯಾಂಟು ಮಡಚಿ ಮಲಗಿ, ಸಂಘದ ಸಲುವಾಗಿ ನಿದ್ದೆ ಹೋಗುತ್ತಿದ್ದರು.

ತೊಂದರೆಯಾದದ್ದು ದಾನೇಶ್ವರಿಗೆ. ಸಂಘದಲ್ಲಿ ಎಲ್ಲರಿಗಿಂತ ಕಿರಿಯಳು ಅವಳು, ದಿನಾ ನಸುಕಿನಲ್ಲಿ ನಿಜವಾಗಿ ಓಡುವವಳೂ ಅವಳೇ. ಭಾನುವಾರ ವಾಡಿಯವರೆಗಿನ ಓಟವಿತ್ತು. ಹೋದ ವರ್ಷ ಅರ್ಧ ದಾರಿಯಲ್ಲಿ ಕಾಲು ಹಿಡಿದು ಆಟೋದಲ್ಲಿ ವಾಪಸು ಬಂದ ಅವಮಾನ ಅವಳಿಗಿನ್ನೂ ಹೋಗಿರಲಿಲ್ಲ. ಈ ಸಲ ಮುಗಿಸಲೇಬೇಕೆಂದು ಹಟ ತೊಟ್ಟಿದ್ದಳು. ಆದರೆ ಎಡ ಮೀನಖಂಡ ನೆಲಕ್ಕೆ ಹಾಸುವ ಪರಸಿ ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು.

“ಒಂದ್ಸಲ ಮುಟ್ಲಿಕ್ಕ ಬಿಡ್ರಿ ಸರ್,” ಎಂದು ಅಂಗಲಾಚಿದಳು. “ನಾ ಎದ್ದು ನಮಸ್ಕಾರ ಮಾಡಲ್ರಿ, ಸುಮ್ನ ಮಲಗ್ತೀನಿ.”

ಸಾಹೇಬರಿಗೆ ಭಾಳ ನೋವಾಯಿತು. “ಹಿರ್ಯಾರು ಕಾಲು ಮುಟ್ಟಿದ್ರೂ ಏಳಲ್ಲಂದ್ರ ಜನ ಏನಂತಾರವ್ವ?”

ಆದರೂ ಅವರು ಕಲ್ಲೆದೆಯವರಲ್ಲ. ಅಂದೇ ತುರ್ತು ಸಭೆ ಕರೆದು ತಿದ್ದುಪಡಿ ತಂದರು: ಕಿರಿಯ ಸದಸ್ಯರ ನೋವಿಗೆ ಹಿರಿಯ ಸದಸ್ಯರು ತಮ್ಮ ಕಾಲನ್ನು ಪರವಾಗಿ ಒಪ್ಪಿಸಬಹುದು. ನಂತರ, ನಿಯಮಕ್ಕೆ ಚ್ಯುತಿ ಬಾರದಂತೆ ತಮ್ಮ ಎಡಗಾಲನ್ನೇ ಚಾಚಿ ಮಲಗಿದರು. ದಾನೇಶ್ವರಿ ತನಗೆ ಎಲ್ಲಿ ನೋಯುತ್ತದೆಂಬುದನ್ನು ಅವರ ಮೀನಖಂಡದ ಮೇಲೆ ಬೆರಳಿಟ್ಟು ತೋರಿಸಿದಳು. ಉಮಾದೇವಿ ಒಮ್ಮೆ ಫ್ಯಾನಿನ ಕಡೆ ನೋಡಿ ಒತ್ತತೊಡಗಿದರು.

ಈಗ ಹೇಗಿದೆ ಎಂದು ಸಾಹೇಬರು ಕೇಳಿದರು. ಇನ್ನೂ ನೋಯುತ್ತದೆ ಎಂದಳು.

“ಜರಾ ಗಟ್ಟಿ ಒತ್ರಿ ಮೇಡಂ,” ಎಂದರು ಸಾಹೇಬರು ಕಣ್ಣು ಮುಚ್ಚಿ. “ಪಾಪ, ಹುಡುಗಿಗಿ ಇನ್ನಾ ನೋಯ್ಲಿಕತ್ತದ.”

ಭಾನುವಾರ ದಾನೇಶ್ವರಿ ಎಲ್ಲರಿಗಿಂತ ಮುಂದಿದ್ದಳು. ವಾಡಿಯಲ್ಲಿ ಓಟ ಮುಗಿಯುವ ಕಮಾನು ಕಣ್ಣಿಗೆ ಬಿದ್ದಾಗ ಎಡಗಾಲು ಹಿಡಿಯಿತು. ರಸ್ತೆ ಬದಿಗೆ ಕೂತುಬಿಟ್ಟಳು. ಇಷ್ಟು ಹತ್ತಿರ ಬಂದು ಹೀಗಾಯಿತಲ್ಲ ಎಂಬ ಸಂಕಟಕ್ಕೆ ಅಳು ತಡೆಯಲಾಗಲಿಲ್ಲ. ಹಿಂದೆಯೇ ಸಂಘದ ಜೀಪು ಬಂದು ನಿಂತಿತು. ಸಾಹೇಬರು ಇಳಿದರು.

“ಅಳಬ್ಯಾಡವ್ವ. ನಿನ್ನ ಕಾಲು ನನ್ನ ಹತ್ರ ಚೊಲೋ ಅದ.”

ಹಾಗೆಂದವರು ನಿಧಾನವಾಗಿ, ದಾರಿಯಲ್ಲಿ ಇಬ್ಬರನ್ನು ಮಾತಾಡಿಸುತ್ತ ನಡೆದು ಗೆರೆ ದಾಟಿದರು. ಚಿತ್ತಾಪುರದ ದಾನೇಶ್ವರಿಯವರು ಬಸವಲಿಂಗ ಸಾಹೇಬರ ಮುಖಾಂತರ ಓಟ ಪೂರ್ಣಗೊಳಿಸಿದ್ದಾರೆಂದು ಮೈಕಿನಲ್ಲಿ ಘೋಷಣೆಯಾಯಿತು. ಜನ ಚಪ್ಪಾಳೆ ತಟ್ಟಿದರು. ಪದಕವನ್ನು ಸಾಹೇಬರ ಕೊರಳಿಗೆ ಹಾಕಲಾಯಿತು.

ತಡವಾಗಿ ಬಂದ ದಿಲೀಪ, ಹೇಗೆ ಓಡಿದೆ ಎಂದು ದಾನೇಶ್ವರಿಯನ್ನು ಕೇಳಿದ. ಅವಳು ಕಣ್ಣೊರೆಸಿಕೊಂಡು ಸ್ವಲ್ಪ ಯೋಚಿಸಿದಳು.

“ಚೊಲೋನೇ ಓಡಿದೆ ಅಣ್ಣ,” ಎಂದಳು. “ಕೊನೀಗಿ ಒಂಚೂರು ನಡದ್‌ಬಿಟ್ಟೆ.”