ಮಗಳ ನಿದ್ದೆಗಾಗಿ ಮಹಾಭಾಷಣ

"ಸೂರ್ಯ ಎದ್ದ ಮ್ಯಾಲೇನ ಸಾಲಿ ಸುರು ಆಗಬೇಕು! ಇದನ್ನ ಮಾಡಿಸಲಿಲ್ಲಂದ್ರ ನನ್ನ ಹೆಸರು ನರಹರಿನೇ ಅಲ್ಲ!"

ಹತ್ತು ವರ್ಷದ ಹಿಂದೆ ಧಾರವಾಡದಿಂದ ನಾಸಿಕಕ್ಕೆ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ ನರಹರಿ ಊಟದ ತಟ್ಟೆಯ ಮುಂದೆ ಕೈಯೆತ್ತಿ ಈ ಭೀಷ್ಮಪ್ರತಿಜ್ಞೆ ಮಾಡಿದಾಗ, ಬೆರಳಿಗಂಟಿದ್ದ ಸಾರು ಮೊಣಕೈವರೆಗೆ ಇಳಿಯಿತು. ಸಿಟ್ಟಿಗೆ ಕಾರಣವಿತ್ತು. ಒಂಬತ್ತನೆಯ ತರಗತಿಯ ಮಗಳು ರುಚಿತಾಳ ಶಾಲೆ ಬೆಳಿಗ್ಗೆ ಏಳಕ್ಕೇ ಶುರು. ಯಾವ ಮಹಾನುಭಾವ ಈ ವೇಳೆ ಗೊತ್ತುಮಾಡಿದನೋ! ಬಸ್ಸು ಅಂಬಡ್ ಕಾರ್ಖಾನೆಗಳ ರಸ್ತೆಗಳನ್ನೆಲ್ಲ ಸುತ್ತಿ ಹೋಗುವುದರಿಂದ ಹುಡುಗಿ ಕತ್ತಲಲ್ಲೇ ಗೇಟಿನ ಮುಂದೆ ನಿಲ್ಲಬೇಕು. ಮೊದಲ ಪಿರಿಯಡ್ಡಿನಲ್ಲಿ ತೂಕಡಿಸಿ ಸಿಕ್ಕಿಬಿದ್ದಿದ್ದಳು. ಇನ್ನೊಮ್ಮೆ ಹಾಗಾದರೆ ಔರಂಗಾಬಾದಿನ ವಿಜ್ಞಾನ ಪ್ರದರ್ಶನಕ್ಕೆ ಅವಳನ್ನು ಕರೆದೊಯ್ಯುವುದಿಲ್ಲವೆಂದು ಟೀಚರ್ ಹೇಳಿಬಿಟ್ಟಿದ್ದರು. ತಂತಿ ಸುತ್ತಿ, ಅಂಟು ಹಚ್ಚಿ ಅವಳೇ ಮಾಡಿದ ಗಾಳಿಯಂತ್ರ ಅವಳಿಲ್ಲದೆ ಹೋಗುವುದೇ!

"ಬೆಳೆಯೋ ಹುಡುಗರನ್ನ ಕೋಳಿಗಿಂತ ಮೊದಲ ಎಬ್ಬಸ್ತಾರ, ಆಮ್ಯಾಲೆ ಯಾಕ ತೂಕಡಸ್ತೀ ಅಂತ ಬೈತಾರ! ಇದು ಸಾಲಿಯೋ, ಮಿಲಿಟರಿಯೋ?"

"ಶನಿವಾರ ಪಾಲಕರ ಸಭಾ ಅದಲ್ರೀ, ಅಲ್ಲೇ ಕೇಳ್ರಿ. ನನ್ನ ಮುಂದ ಒದರಿದ್ರ ಸಾಲಿ ಗಂಟಿ ನಾ ಬಾರಸ್ತೀನೇನು?" ಎಂದಳು ಹೆಂಡತಿ ಭಾನುಮತಿ.

ಸಭೆಯಲ್ಲಿ ಮಾತಾಡಬೇಕಾದದ್ದು ಮರಾಠಿಯಲ್ಲಿ. ನರಹರಿಯ ಮರಾಠಿ ತರಕಾರಿ ಮಾರ್ಕೆಟ್ಟು ದಾಟಿ ಹೋದದ್ದೇ ಇಲ್ಲ. ಇಲ್ಲೇ ಬೆಳೆದ ರುಚಿತಾಳದ್ದು ಅರಳು ಹುರಿದಂಥ ಮರಾಠಿ. ಸರಿ, ಮಗಳೇ ಗುರು! ಆದರೆ ಸಂಜೆ ಅವಳಿಗೆ ಟ್ಯೂಷನ್, ಹೋಮ್‌ವರ್ಕ್. ಉಳಿದದ್ದು ಬೆಳಗಿನ ಜಾವ ಮಾತ್ರ.

"ರುಚೀ, ಏಳವಾ. ನಿದ್ದೀಗೆ ಮರಾಠಿಯೊಳಗ ಏನಂತಾರ?"

"ಝೋಪ್, ಅಪ್ಪಾ..." ಎಂದವಳೇ ಆ ಕಡೆ ಹೊರಳಿದಳು.

"ಮಲಗಬ್ಯಾಡ! 'ಮಕ್ಕಳ ಆರೋಗ್ಯ ಹಾಳಾಗ್ಲಿಕ್ಕತ್ತದ' ಅನ್ನೂದು ಹ್ಯಾಂಗ?"

ಭಾನುಮತಿ ಅಡಿಗೆಮನೆಯಿಂದಲೇ ಗುಡುಗಿದಳು. "ಪಾಪ, ಬಸ್ ಬರೂತನಕಾರೆ ಮಲಗ್ಲಿ ಬಿಡ್ರೀ!"

"ನಿನಗ ತಿಳಿಯೂದಿಲ್ಲ ಭಾನು! ಅಕಿ ನಿದ್ದೀ ಸಲುವಾಗೇ ಅಕಿನ್ನ ಎಬ್ಬಸ್ಲಿಕ್ಕತ್ತೇನಿ!"

ವಾರವಿಡೀ ಇದೇ ಸುಪ್ರಭಾತ. ಮಗಳು ಕಣ್ಣುಮುಚ್ಚಿಕೊಂಡೇ ಹಲ್ಲುಜ್ಜುತ್ತ ತಂದೆಯ ಮರಾಠಿ ತಿದ್ದಿದಳು, ತಂದೆ ಕಣ್ಣರಳಿಸಿ ಬಾಯಿಪಾಠ ಮಾಡಿದ.

ಶನಿವಾರ ಸಭೆ ಕಿಕ್ಕಿರಿದಿತ್ತು. ಮಕ್ಕಳು ಪಾಲಕರ ಪಕ್ಕದಲ್ಲಿ, ಮುಖ್ಯಾಧ್ಯಾಪಕಿ ಎದುರಿಗೆ. ನರಹರಿ ಎದ್ದು ಟೇಬಲ್ ಗುದ್ದಿದ. "ಮುಲಾಂಚಿ ಝೋಪ್ ಕೋಣ್ ಚೋರತೋ?" ಮಕ್ಕಳ ನಿದ್ದೆ ಕದಿಯುವವರು ಯಾರು? ಹೇಳಿ, ಆ ಕಳ್ಳ ಯಾರು! ಪಾಲಕರು ಭಲೇ ಎಂದರು. ಚಪ್ಪಾಳೆ ಬಿತ್ತು. ಮುಖ್ಯಾಧ್ಯಾಪಕಿಯೂ ತಲೆದೂಗಿದರು. ಉಬ್ಬಿಹೋದ ನರಹರಿ ಕೈ ಚಾಚಿದ. "ಪುರಾವೆ ಬೇಕೇ? ನನ್ನ ಮಗಳನ್ನೇ ನೋಡಿ!"

ಎಲ್ಲರೂ ನೋಡಿದರು. ರುಚಿತಾ ಡೆಸ್ಕಿನ ಮೇಲೆ ತಲೆಯಿಟ್ಟು ಗಾಢನಿದ್ದೆಯಲ್ಲಿದ್ದಳು!

ಸಭೆಯ ಕರುಳು ಚುರ್ ಎಂದಿತು. ಮುಖ್ಯಾಧ್ಯಾಪಕಿ ತಾವೇ ಬಂದು ಅವಳ ತಲೆ ಸವರಿ, "ನಿದ್ದೆಗೆಟ್ಟು ಎಷ್ಟು ದಿನ ಆಯಿತು, ಮಗು?" ಎಂದು ಕೇಳಿದರು.

ಹುಡುಗಿ ಕಣ್ಣುಜ್ಜಿಕೊಂಡು ಎಲ್ಲರಿಗೂ ತಿಳಿಯುವಂಥ ಸ್ವಚ್ಛ ಮರಾಠಿಯಲ್ಲಿ ಹೇಳಿದಳು: "ಮೊದಲು ಬಸ್ಸಿಗಾಗಿ ಏಳುತ್ತಿದ್ದೆ ಟೀಚರ್. ಈ ವಾರ ಬಸ್ಸಿಗಿಂತ ಒಂದು ತಾಸು ಮುಂಚೆ ಅಪ್ಪ ಎಬ್ಬಿಸುತ್ತಿದ್ದಾರೆ. ತಮಗೆ ಈ ಭಾಷಣ ನಾನು ಕಲಿಸಲಿ ಅಂತ."

ನಗು ಹೊರಗಿನ ಮೈದಾನದವರೆಗೆ ಹೋಯಿತು. ಭಾನುಮತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನರಹರಿ ಕುರ್ಚಿಯಲ್ಲಿ ಕುಸಿದ.

ಮುಖ್ಯಾಧ್ಯಾಪಕಿ ನಗು ತಡೆದುಕೊಂಡು ತೀರ್ಪು ಕೊಟ್ಟರು: "ರುಚಿತಾ ಔರಂಗಾಬಾದಿಗೆ ಹೋಗುತ್ತಾಳೆ, ತಪ್ಪು ಅವಳದಲ್ಲ. ನಿಮ್ಮ ಮಾತೂ ನ್ಯಾಯವಾದದ್ದೇ. ಶಾಲೆಯನ್ನು ಎಂಟಕ್ಕೆ ಶುರು ಮಾಡೋಣ. ಆದರೆ ನರಹರಿಯವರೇ, ಒಂದು ಷರತ್ತು: ನೀವು ಒಂಬತ್ತರತನಕ ಹಾಸಿಗೆ ಬಿಟ್ಟು ಏಳಕೂಡದು!"