ಕಾಕಾನ ಏಳು ಒಂದುಗಳು

ನಮ್ಮ ಕಾಕಾನಿಗೆ ಕಾಕೂಗಿಂತ ಒಂದು ಸಂಖ್ಯೆಯ ಮೇಲೆ ಪ್ರೀತಿ ಹೆಚ್ಚು ಎಂದರೆ ನೀವು ನಗುತ್ತೀರಿ. ನಗಿರಿ; ಕಾಕೂ ಕೂಡ ಮೊದಮೊದಲು ನಕ್ಕಳು! ಅಂಕಲಗಿಯಲ್ಲಿ ಕಬ್ಬು ಬೆಳೆಯುತ್ತಿದ್ದ ಈ ಮನುಷ್ಯ, ಏಳು ಒಂದುಗಳನ್ನು ಸಾಲಾಗಿ ಬರೆದರೆ ಆಗುವ ಹನ್ನೊಂದು ಲಕ್ಷದ ಹನ್ನೊಂದು ಸಾವಿರದ ನೂರಾ ಹನ್ನೊಂದು ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗುವುದಿಲ್ಲ ಎಂದು ಹಟ ಹಿಡಿದಿದ್ದ.

“ಆರು ಒಂದು ಬರದು ನೋಡು, ಮೂರಕ್ಕೂ ಒಡಿತೈತಿ, ಏಳಕ್ಕೂ ಒಡಿತೈತಿ. ಏಳು ಒಂದು ಹಂಗಲ್ಲ, ಗಟ್ಟಿ ಕುಳ,” ಎನ್ನುತ್ತಿದ್ದ.

ಬಾಯಲ್ಲಿ ಹೇಳಿದರಾಯಿತೇ? ಸಾವಿರ ಚಿಲ್ಲರೆಯವರೆಗಿನ ಒಡೆಯದ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸಿ ನೋಡಬೇಕು. ನೂರೆಪ್ಪತ್ತೇಳು ಲೆಕ್ಕ! ಅದಕ್ಕೆ ಕಾಕಾ ಹೊಲದ ಮುಯ್ಯಾಳಿನ ಪದ್ಧತಿಯನ್ನೇ ತಂದ. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎನ್ನುವಂತೆ, ಇವನು ನೆರೆಯವರ ಕಬ್ಬು ಕಡಿದುಕೊಡುವುದು, ಅಕ್ಷರ ಬಲ್ಲ ಅವರ ಮಗ ಇವನಿಗೊಂದು ಭಾಗಾಕಾರ ಮಾಡಿಕೊಡುವುದು. ಮಾಡಿದವರ ಹೆಸರು ವಹಿಯಲ್ಲಿ ಆಯಾ ಪುಟದ ಕೆಳಗೆ.

ಮೂಡಲಗಿಯ ಒಂದು ಮದುವೆಯಲ್ಲಂತೂ ಊಟದ ಪಂಕ್ತಿಯಲ್ಲಿ ವರನ ಮಾವನಿಗೇ ನೂರಾ ಎಪ್ಪತ್ಮೂರರಿಂದ ಭಾಗಿಸುವ ಲೆಕ್ಕ ಕೊಟ್ಟ.

“ಉಂಡ ಮ್ಯಾಲ ಮಾಡ್ತೀನ್ರಿ.”

“ಉಂಡರ ನಿದ್ದಿ ಬರ್ತೈತ್ರಿ. ಮೊದಲ ಮಾಡ್ರಿ.”

ಪಾಪ, ಅವರ ಗೋದಿ ಹುಗ್ಗಿ ಆರಿತು. ನಾನು ಆಗ ಆ ಊರಲ್ಲೇ ಹೊಸ ಸಾಲಿ ಮಾಸ್ತರ. ಪಕ್ಕದವರು “ಯಾರ್ರಿ ಇವರು?” ಎಂದಾಗ “ಯಾರೋ ಏನೋ” ಎಂದುಬಿಟ್ಟೆ.

ಕಾಕಾ ನನಗೂ ಒಂದು ಕೊಟ್ಟಿದ್ದ: ಇನ್ನೂರಾ ಮೂವತ್ತೊಂಬತ್ತು. ಗೋಕಾಕಿಗೆ ನಾಟಕ ನೋಡಲು ಹೊರಟ ಗಡಿಬಿಡಿಯಲ್ಲಿ, ಭಾಗಿಸದೆಯೇ “ಶೇಷ ಐವತ್ತೆರಡು” ಎಂದು ಗೀಚಿ, ಕೆಳಗೆ ದೊಡ್ಡದಾಗಿ ಹೆಸರು ಬರೆದೆ.

ವಹಿ ತುಂಬಿತು. ಹುಕ್ಕೇರಿಯಲ್ಲಿ ಗಣಿತಕ್ಕೆ ಹೆಸರಾದ ಒಬ್ಬ ಮುದುಕ ಮಾಸ್ತರರಿದ್ದರು. ಅವರು ಹೌದೆಂದರೆ ಕಾಕಾನ ಜನ್ಮ ಸಾರ್ಥಕ. ಕಾಕಾ ರುಮಾಲು ಸುತ್ತಿ, ನನ್ನನ್ನೂ ಚಕ್ಕಡಿಯಲ್ಲಿ ಕೂಡಿಸಿಕೊಂಡು ಹೊರಟ. ಅವರ ಮನೆಯ ಕಟ್ಟೆಯ ಮೇಲೆ ಹತ್ತಾರು ಮಂದಿ ಸೇರಿದರು. ಮಾಸ್ತರರು ವಹಿಯನ್ನು ಕಾಕಾನ ಕೈಯಲ್ಲೇ ಬಿಟ್ಟು, ತಾವು ಪಾಟಿ ಹಿಡಿದು ಅಲ್ಲೊಂದು ಇಲ್ಲೊಂದು ಭಾಗಿಸಿ ನೋಡುತ್ತಾ ತಟ್ಟನೆ ನಿಂತರು.

“ಇನ್ನೂರಾ ಮೂವತ್ತೊಂಬತ್ತು ಯಾರು ಮಾಡ್ಯಾರ? ಶೇಷನ ಉಳಿಯೂದಿಲ್ಲಲ್ರಿ ಇದಕ್ಕ.”

ಕಾಕಾ ಪುಟ ತೆರೆದ. ನನ್ನ ಹೆಸರು ಕಂಡಿರಬೇಕು. ಹೆಬ್ಬೆರಳಿಗೆ ಉಗುಳು ಹಚ್ಚಿ ಮೆಲ್ಲಗೆ ಅದನ್ನು ತಿಕ್ಕಿ, “ನಾನ ಮಾಡೇನ್ರಿ. ಕೈ ತಪ್ಪೇತಿ,” ಎಂದ.

ಕಟ್ಟೆಯ ಮೇಲಿನವರು ನಕ್ಕರು. “ಹೊಲಾ ನೋಡ್ಕೋರಿ, ಯಜಮಾನ್ರ,” ಎಂದ ಒಬ್ಬ. ನಾನು ಮಾಸ್ತರ, ಕಂಬಕ್ಕೆ ಆತು ಸುಮ್ಮನೆ ನಿಂತಿದ್ದೆ. ಇವತ್ತಿಗೂ ನೆನೆದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಹಿಂದಿರುಗುವಾಗ ಬಾಯಿ ಬಿಟ್ಟೆ: “ಕಾಕಾ, ನಾ ಅವತ್ತ ಭಾಗಾಕಾರನ ಮಾಡಿರಲಿಲ್ಲ.”

“ಬರೇ ಶೇಷ ಬರದಿದ್ದಿ, ನೋಡಿದ್ನಿ. ಮಾಸ್ತರ ಅದಾನ, ಮನಸಿನ್ಯಾಗ ಮಾಡಿರತಾನ ಅಂದ್ಕೊಂಡ್ನಿ,” ಎಂದ. ಎತ್ತುಗಳ ಹಗ್ಗ ಜಗ್ಗಿ, “ಭಾಗಿಸಿದರ ನಾಲ್ಕು ಸಾವಿರದ ಆರುನೂರಾ ನಲವತ್ತೊಂಬತ್ತು ಬರ್ತೈತಂತ. ಅದಾದ್ರೂ ಗಟ್ಟಿ ಐತೇನು ನೀನ ನೋಡು,” ಎಂದ.

ಅದಕ್ಕೆ ಹತ್ತೊಂಬತ್ತು ಭಾಗಾಕಾರ. ಒಂದೊಂದನ್ನೂ ಎರಡೆರಡು ಸಲ ಮಾಡಿದೆ. ಒಡೆಯಲಿಲ್ಲ. ಅಂಕಲಗಿಗೆ ಹೋಗಿ ಹಾಳೆಗಳನ್ನು ಮುಂದಿಟ್ಟೆ. ಕಾಕಾ ಅವನ್ನು ತಿರುವಿಯೂ ನೋಡಲಿಲ್ಲ.

“ಕೆಳಗ ಹೆಸರು ಬರಿಯೋ, ಮಾಸ್ತರ,” ಎಂದು ಮಸಿಯಲ್ಲಿ ಅದ್ದಿದ ಟಾಕು ಚಾಚಿದ.